ತಲೆಕೆಳಗಾದ ಹೂಗಳು

ಮೇಲಂಗಿಯ ಹೊಲಿಗೆ ಬಿಚ್ಚುತ್ತಿದ್ದ ದರ್ಜಿಯ ಕೈ ನಿಂತಿತು. ಜಕಾರ್ಡ್ ಬಟ್ಟೆಯ ಉಬ್ಬು ಹೂಗಳು ಮೊಣಕೈ ಬಳಿ ಸವೆದು ನೂಲು ನೂಲಾಗಿದ್ದವು. ತಂಗಿಯ ಮದುವೆಗೆ ಇದನ್ನು ಹೊಲಿದವಳು ಅವಳೇ. ಅವಸರದಲ್ಲಿ ಬಟ್ಟೆಯನ್ನು ತಿರುಗಿಸಿ ಹಾಸಿ ಕತ್ತರಿಸಿ, ಹೂಗಳನ್ನೆಲ್ಲ ತಲೆಕೆಳಗು ಮಾಡಿದವಳೂ ಅವಳೇ. "ಹೊಟ್ಟೆಕಿಚ್ಚಿಗೆ ಮಾಡಿದ್ದೀಯ, ಒಲೆಗೆ ಹಾಕ್ತೀನಿ" ಎಂದು ಹೋದ ತಂಗಿ ಇಪ್ಪತ್ತು ವರ್ಷ ಇತ್ತ ತಲೆ ಹಾಕಿರಲಿಲ್ಲ.

"ಇದನ್ನ ನಿಮ್ಮಮ್ಮ ಹಾಕ್ಕೋತಿದ್ಲೇನೇ?"

"ದಿನಾ, ದೊಡ್ಡಮ್ಮ! ನೋಡೋರಿಗೆ ತಲೆಕೆಳಗು, ಬಗ್ಗಿ ನೋಡ್ಕೊಂಡ್ರೆ ನನಗೆ ನೆಟ್ಟಗೇ ಇದೆ ಅಂತಿದ್ಲು," ಎಂದಳು ಅಂಗಿ ತಂದಿದ್ದ ತಂಗಿಯ ಮಗಳು. "ಈಗ ಸೊರಗಿ ಕಡ್ಡಿಯಾಗಿದಾಳೆ. ನಾಳೆ ಆಸ್ಪತ್ರೆಗೆ ಹೋಗೋಕೆ ಇದೇ ಬೇಕಂತೆ."

ದರ್ಜಿ ಅಂಗಿಯನ್ನು ಒಳಗೆ ಹಿಡಿದು ಹೊಲಿದಳು. ಮಿಕ್ಕ ಬಟ್ಟೆಯನ್ನು ಕತ್ತರಿಸಲಿಲ್ಲ, ತಂಗಿ ಮತ್ತೆ ಮೈತುಂಬಿಕೊಂಡರೆ ಬಿಚ್ಚಲು ಬೇಕಲ್ಲ. ಆಮೇಲೆ, ತಪ್ಪಾಯಿತೆಂದು ಎಂದೋ ಬರೆದು ಕಳಿಸಲಾರದೆ ಇಟ್ಟುಕೊಂಡಿದ್ದ, ಮೆಷಿನ್ನಿನ ಡ್ರಾಯರಿನಲ್ಲೇ ಹಳದಿಯಾಗಿದ್ದ ಕಾಗದವನ್ನು ಅಂಗಿಯ ಜೇಬಿಗಿಟ್ಟಳು.

"ಓಡು ಮಗಳೇ, ದಾರೀಲಿ ಎಲ್ಲೂ ನಿಲ್ಬೇಡ."