ತಾ ಬರು

“ನೀ ಯಾವಾಗ ಬಂದ್ರೂ ‘ಯಾಕ ಬಂದಿ’ ಅಂತ ನಾ ಕೇಳೂದಿಲ್ಲ” ಎಂದು ಮೊರಬದ ಈರಬಸಪ್ಪ ಮಗಳಿಗೆ ಮಾತು ಕೊಟ್ಟಾಗ ಗುರವ್ವ ಎರಡನೆಯ ಇಯತ್ತೆಯಲ್ಲಿದ್ದಳು. ಅಂದು ಸಾಲೆಯಿಂದ ಅಳುತ್ತ ಬಂದಿದ್ದಳು. ‘ತಾಯಿ ಊರು’ ಎಂಬ ಮಾತೇ ಸವೆದು ‘ತವರು’ ಆಯಿತು ಎಂದು ಮಾಸ್ತರರು ಹೇಳಿದ್ದರಂತೆ. ಅವಳ ತಾಯಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು.

“ಹಂಗಾರ ನನಗ ತವರ ಇಲ್ಲೇನ್ ಯಪ್ಪಾ?”

ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ ಈರಬಸಪ್ಪನ ಕೈ ನಿಂತಿತು. “ಆ ಮಾಸ್ತರಗೇನ್ ಗೊತ್ತು ನಮ್ಮ ಕಡೀ ಮಾತು? ಕೆಳಗಿನ ಸೀಮಿಯಾಂವ. ತವರಂದ್ರ ‘ತಾ ಬರು’. ಯಾರೂ ಕರೀದಿದ್ರೂ ತಾನ ಬರೂ ಮನಿ. ‘ತಾ ಬರು, ತಾ ಬರು’ ಅಂತ ಅಂದು ಅಂದು ತವರಾತು.” ಆ ಗಳಿಗೆಗೆ ಬಾಯಿಗೆ ಬಂದದ್ದು ಅದು. ಹುಡುಗಿ ಕಣ್ಣೊರೆಸಿಕೊಂಡು “ಖರೇನ?” ಎಂದಳು. “ಖರೇನ” ಎಂದ. ಅಷ್ಟಕ್ಕೆ ನಿಲ್ಲದೆ ಆ ಮಾತನ್ನೂ ಕೊಟ್ಟ.

ಅಂದಿನಿಂದ ಗುರವ್ವ ಕಂಡ ಕಂಡ ಶಬ್ದಕ್ಕೆಲ್ಲ ಹುಟ್ಟು ಕೇಳುವಳು, ಅವನು ಹೇಳುವನು. ಭಾರ ಎತ್ತುವುದರಿಂದ ಎತ್ತು. ಗಾಳಿ ‘ಜೋ ಜೋ’ ಎಂದು ತೂಗುವುದರಿಂದ ಜೋಳ. ಅವಳ ಮದುವೆಯ ಹಂದರದಲ್ಲಿಯೂ ಅವನು ಸುಮ್ಮನಿರಲಿಲ್ಲ. “ಬಾಗಲಕ್ಕ ಹಾಕೂ ಕೀಲೀಗೂ ಬೀಗ ಅಂತಾರ, ಇವರಿಗೂ ಬೀಗರಂತಾರ. ಯಾಕ ಹೇಳ್ರಿ? ನಮ್ಮ ಹುಡಿಗೀನ ಒಳಗ ಹಾಕ್ಕೊಂಡು ಬಾಗಲಾ ಹಿಡದು ಕುಂದ್ರತಾರ, ಅದಕ್ಕ!” ಹಂದರವೆಲ್ಲ ನಕ್ಕಿತು. ತಿರ್ಲಾಪುರದ ಬೀಗ ಶಂಭುಲಿಂಗಪ್ಪ ಎಲ್ಲರಿಗಿಂತ ಹೆಚ್ಚು ನಕ್ಕ. ಅದು ಸಾಟಿ ಸಂಬಂಧ. ಗುರವ್ವ ತಿರ್ಲಾಪುರಕ್ಕೆ, ಶಂಭುಲಿಂಗಪ್ಪನ ಮಗಳು ಕಸ್ತೂರೆವ್ವ ಈರಬಸಪ್ಪನ ಮಗನಿಗೆ. ಒಂದು ಕಡೆಯ ಹುಡುಗಿ ಮುನಿಸಿಕೊಂಡು ತಿರುಗಿ ಬಂದರೆ ಇನ್ನೊಂದು ಕಡೆಯವಳನ್ನೂ ಕರೆದೊಯ್ಯುತ್ತಾರೆ ಎಂಬುದನ್ನು ಅಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ವರಲಕ್ಷ್ಮಿ ತಳಿಯ ಹತ್ತಿ ಹೊಸದಾಗಿ ಬಂದ ವರ್ಷ, ಹತ್ತಿ ಬಿಡಿಸುವ ದಿನಗಳಲ್ಲಿ, ಒಂದು ಮಧ್ಯಾಹ್ನ ಗುರವ್ವ ಒಬ್ಬಳೇ ನಡೆದು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗಂಟಿರಲಿಲ್ಲ. ಮೊಣಕಾಲವರೆಗೆ ಎರೆಹೊಲದ ಧೂಳು. ಬಲಗೈ ತುಂಬ ಹಸಿರು ಬಳೆ; ಎಡಗೈ ಬರಿದು, ಮಣಿಕಟ್ಟಿನ ಸುತ್ತ ಗಾಜು ಗೀರಿದ ಗಾಯ. ತೊಟ್ಟಿಲು ತೂಗುತ್ತಿದ್ದ ಕಸ್ತೂರೆವ್ವ ಕಾಲಿಗೆ ನೀರು ತಂದವಳು ಆ ಕೈ ನೋಡಿ, ಚರಿಗೆ ಹಿಡಿದುಕೊಂಡೇ ನಿಂತಳು.

“ಹಾದ್ಯಾಗ ಎಡವಿ ಬಿದ್ನಿ,” ಎಂದಳು ಗುರವ್ವ, ಯಾರೂ ಕೇಳುವ ಮೊದಲೇ.

“ಬಿದ್ರ ಒಂದ ಕೈ ಬಳಿ ಅಷ್ಟ ಒಡೀತಾವೇನ್ ವೈನಿ? ನಮ್ಮಣ್ಣನ ಕೈ ನನಗ ಗೊತ್ತಿಲ್ಲೇನು?” ಕಸ್ತೂರೆವ್ವ ಮಾವನ ಕಡೆ ತಿರುಗಿದಳು. ದನಿ ಸಣ್ಣದಾಯಿತು. “ಮಾವಾರ, ಇರು ಅನ್ನಾಕೂ ನನಗ ಬಾಯಿಲ್ರಿ, ಹೋಗು ಅನ್ನಾಕೂ ಬಾಯಿಲ್ರಿ. ಇಕೀ ಇಲ್ಲಿ ಉಳದ್ರ ನಾಳೆ ಹೊತ್ತು ಮೂಡೂದ್ರಾಗ ನಮ್ಮಪ್ಪ ಚಕ್ಕಡಿ ತರ್ತಾನ. ‘ಕೂಸಿನ್ನ ಅವರಿಗೆ ಬಿಟ್ಟು ನೀ ನಡಿ’ ಅಂತಾನ.” ತೊಟ್ಟಿಲ ಹಗ್ಗ ಇನ್ನೂ ಅಲ್ಲಾಡುತ್ತಿತ್ತು.

ಈರಬಸಪ್ಪ ಸೊಸೆಯ ಕೈಯ ಚರಿಗೆ ಇಸಿದುಕೊಂಡು ಮಗಳ ಕಾಲಿಗೆ ನೀರು ಹಾಕಬಹುದಿತ್ತು. ಅಷ್ಟು ಮಾಡಿದ್ದರೆ ಸಾಕಿತ್ತು. ಮುಂದಿನದನ್ನು ನಾಳೆ ನೋಡಿಕೊಳ್ಳಬಹುದಿತ್ತು. ಅವನು ಒಮ್ಮೆ ಆ ಬರಿಗೈ ನೋಡಿದ, ಒಮ್ಮೆ ತೊಟ್ಟಿಲು ನೋಡಿದ.

“ಯಾಕ ಬಂದಿ, ಯವ್ವಾ?” ಎಂದ.

ಹೊಸ್ತಿಲ ಮೇಲಿಟ್ಟಿದ್ದ ಕಾಲನ್ನು ಗುರವ್ವ ಹಿಂದಕ್ಕೆ ತೆಗೆದುಕೊಂಡಳು. “ಕೂಸಿನ್ನ ನೋಡಾಕ ಬಂದಿದ್ನಿ,” ಎಂದಳು. “ನೋಡಿದ್ನಿ.” ಅವಳು ನಿಂತಲ್ಲಿಂದ ಕೂಸು ಕಾಣುತ್ತಲೇ ಇರಲಿಲ್ಲ.

ಈರಬಸಪ್ಪ ತಾನೇ ಚಕ್ಕಡಿ ಹೂಡಿದ. ಊರ ಹೊರಗೆ ಹತ್ತಿ ಬಿಡಿಸುತ್ತಿದ್ದ ಕೆಂಚವ್ವ ನಡು ನೆಟ್ಟಗೆ ಮಾಡಿ ಕೂಗಿದಳು: “ಏನಬೇ ಗುರವ್ವಾ, ಈಗರ ಬಂದಿ, ಈಗ ಹೊಂಟಿ! ಗಂಡನ್ನ ಬಿಟ್ಟು ಒಂದ ರಾತ್ರಿ ನಿದ್ದಿ ಬರೂದಿಲ್ಲೇನ?” ಗುರವ್ವ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಬೀಗರ ಹತ್ತಿ ಬಿಡಸೂದೈತಬೇ, ಅದಕ್ಕ ಗಡಿಬಿಡಿ,” ಎಂದು ಈರಬಸಪ್ಪನೇ ಉತ್ತರ ಕೊಟ್ಟ. ಇದಕ್ಕೂ ಅವನ ಬಾಯಿಗೆ ಏನೋ ಒಂದು ಬಂತು.

ಚಕ್ಕಡಿ ತಿರ್ಲಾಪುರದ ಊರ ಅಗಸಿಬಾಗಿಲಿಗೆ ಬಂತು. ಅಲ್ಲಿ ಅವನು ಎತ್ತು ನಿಲ್ಲಿಸಿ, ಮುಖ ತಿರುಗಿಸದೆ, “ಸುಗ್ಗಿ ಮುಗೀಲಿ, ನಾನ ಕರಿಯಾಕ ಬರ್ತೇನಿ,” ಎಂದ.

ಗುರವ್ವ ಇಳಿದಳು. ಸೀರೆಯ ಧೂಳು ಕೊಡವಿಕೊಂಡಳು. “ಮಾಸ್ತರು ಹೇಳಿದ್ದ ಖರೇ ಇತ್ತ್ ನೋಡ್ ಯಪ್ಪಾ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಾಲೆಯಲ್ಲಿ ಕಲಿತದ್ದನ್ನು ಮನೆಗೆ ಬಂದು ಒಪ್ಪಿಸುವ ಹುಡುಗಿಯ ದನಿ ಅದು. ಸೆರಗು ಬಿಗಿಮಾಡಿಕೊಂಡು ಅಗಸಿಯ ಒಳಗೆ ಹೋದಳು.

ಈರಬಸಪ್ಪ ಮಾತು ಕೊಟ್ಟಿದ್ದ. ನಡೆಸಲಿಲ್ಲ.