ಗ್ಯಾಪ್ ಮುಚ್ಚಿದ ಪ್ಲಗ್ಗು

ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳ ಗ್ಯಾಪನ್ನು ಮೇಸ್ತ್ರಿ ಬೇಕೆಂದೇ ಮುಚ್ಚಿಬಿಟ್ಟ. ಒಂದೊಂದನ್ನೂ ತಲೆಕೆಳಗು ಹಿಡಿದು ತುದಿಯ ಕೊಕ್ಕೆಯನ್ನು ಬೆಂಚಿಗೆ ಕುಟ್ಟಿದ. ಕೊಕ್ಕೆ ಬಾಗಿ ನಡುವಿನ ಕಡ್ಡಿಗೆ ಅಂಟಿಕೊಂಡಿತು, ಕೂದಲು ತೂರುವಷ್ಟೂ ಜಾಗ ಉಳಿಯಲಿಲ್ಲ. ಇಂಥ ಪ್ಲಗ್ ಹಾಕಿದರೆ ಕಿಡಿ ಹಾರುವುದಿಲ್ಲ, ಹೊತ್ತು ಮುಳುಗುವ ತನಕ ಕೀಲಿ ತಿರುಗಿಸಿದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಷ್ಟು ಘನಕಾರ್ಯ ಮುಗಿಸಿ, ಮುಖದಲ್ಲಿ ಏನೂ ತೋರಗೊಡದೆ ಮಗಳನ್ನು ಕೂಗಿದ.

"ತಗೊ, ಆಯ್ತು. ಅಳತೆ ನೋಡಿ ಇಟ್ಟಿದ್ದೀನಿ."

"ಭೇಷ್ ಅಪ್ಪ! ನಿನ್ನ ಕೈ ಅಂದ್ರೆ ಕೈ," ಎನ್ನುತ್ತ ಮಗಳು ಪ್ಲಗ್ಗುಗಳತ್ತ ಕಣ್ಣೂ ಹಾಯಿಸದೆ ಬಾಚಿಕೊಂಡು, ಬಾನೆಟ್ ತೆರೆದು ನಿಂತಿದ್ದ ಟ್ಯಾಕ್ಸಿಯ ಕಡೆಗೆ ಹೋದಳು.

ಲಕ್ವ ಹೊಡೆದು ಬಲಗೈ ನಡುಗತೊಡಗಿದ ಮೇಲೆ ಗ್ಯಾರೇಜು ಮಗಳ ಕೈಗೆ ಹೋಗಿತ್ತು. ಅದಕ್ಕೆ ಅವನ ತಕರಾರೇನೂ ಇರಲಿಲ್ಲ, ಕೆಲಸ ಕಲಿಸಿದವನೇ ಅವನು. ತನಗೆಂದು ಉಳಿದದ್ದು ಮೂಲೆಯ ಸ್ಟೂಲು ಮತ್ತು ಫೀಲರ್ ಗೇಜು. ಹೊಸ ಪ್ಲಗ್ ಹಾಕುವ ಮೊದಲು ಅದರ ಗ್ಯಾಪ್ ಅಳೆದು ಸರಿಮಾಡಿ ಕೊಡುವುದು ಅವನ ಪಾಲಿನ ಕೆಲಸ. ಕೈ ಎಷ್ಟೇ ನಡುಗಲಿ, ಗೇಜಿನ ತೆಳ್ಳನೆಯ ಪಟ್ಟಿ ಗ್ಯಾಪಿನೊಳಗೆ ಸರಿಯುವಾಗಿನ ಆ ಸಣ್ಣ ಹಿಡಿತ ಬೆರಳಿಗೆ ಈಗಲೂ ತಿಳಿಯುತ್ತಿತ್ತು. ನಾನಿನ್ನೂ ಕೆಲಸದವನೇ ಎಂದು ಒಳಗೊಳಗೇ ಬೀಗುತ್ತಿದ್ದ. ಆದರೆ ನಿನ್ನೆ ಅಳೆದುಕೊಟ್ಟ ಪ್ಲಗ್ಗೊಂದರ ಬಿಳಿ ಪಿಂಗಾಣಿಯ ಮೇಲೆ ನೀಲಿ ಬಣ್ಣದ ಚುಕ್ಕೆಯಿತ್ತು. ಇವತ್ತು ಕೊಟ್ಟದ್ದರಲ್ಲೂ ಅದೇ ಚುಕ್ಕೆ. ನಿನ್ನೆ ಯಾರದೋ ಎಂಜಿನ್ ಸೇರಿದ ಪ್ಲಗ್ಗು ಇವತ್ತು ಮತ್ತೆ ಇವನ ಬೆಂಚಿಗೆ ಹೇಗೆ ಬಂದೀತು? ಅದಕ್ಕೇ ಕುಟ್ಟಿ ನೋಡಿದ್ದು.

ಸ್ಪ್ಯಾನರ್ ತಿರುಗುವ ಸದ್ದು ಕೇಳಿಸಿತು. ಗಾಡಿ ಸ್ಟಾರ್ಟ್ ಆಗದೇ ಇರಲಪ್ಪಾ ಎಂದು ಮೇಸ್ತ್ರಿ ಜನ್ಮದಲ್ಲಿ ಮೊದಲ ಸಲ ಬೇಡಿಕೊಂಡ. ಹಾಳಾದ್ದು, ಟ್ಯಾಕ್ಸಿ ಡ್ರೈವರ್ ಕೀಲಿ ಮುಟ್ಟಿದ್ದೇ ತಡ, ಒಂದೇ ಏಟಿಗೆ ಎದ್ದಿತು.

ಮೇಸ್ತ್ರಿ ಗೋಡೆ ಹಿಡಿದು ಎದ್ದ. ಕಾಲೆಳೆಯುತ್ತ ಹೋಗಿ, ಕಿಟಕಿಯೊಳಗೆ ಕೈ ತೂರಿಸಿ ಎಂಜಿನ್ ಆರಿಸಿದ. ಕೀಲಿಯನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಡ್ರೈವರ್ ಕಣ್ಣು ಕಣ್ಣು ಬಿಟ್ಟ.

"ನಾನು ಕೊಟ್ಟ ಪ್ಲಗ್ ಎಲ್ಲಿ?"

"ಒಳಗಿದೆಯಲ್ಲಪ್ಪ," ಎಂದಳು ಮಗಳು. "ಕೇಳಿಸ್ಲಿಲ್ವಾ, ಎಷ್ಟು ಚೆನ್ನಾಗಿ..."

"ಅವುಗಳ ಗ್ಯಾಪ್ ನಾನು ಮುಚ್ಚಿಟ್ಟಿದ್ದೆ. ನಾಲ್ಕನ್ನೂ."

ಮಗಳ ಕೈ ನಿಧಾನವಾಗಿ ಕೋಟಿನ ಜೇಬಿಗೆ ಹೋಯಿತು. ಪ್ಲಗ್ಗುಗಳು ಹೊರಬಂದವು, ನೀಲಿ ಚುಕ್ಕೆಯದು ಎಲ್ಲಕ್ಕಿಂತ ಮೇಲೆ.

"ಡಾಕ್ಟರು ಕೈಗೆ ಏನಾದ್ರೂ ಕೆಲಸ ಕೊಡ್ತಾ ಇರಿ ಅಂದಿದ್ರಪ್ಪ. ಸುಮ್ನೆ ಕೂತ್ರೆ ನೀನು ಕೊರಗ್ತೀಯ ಅಂತ ದಿನಾ ಇವನ್ನೇ ಕೊಡ್ತಿದ್ದೆ..."

"ಕೈ ಆಡ್ಸೋಕೆ ಒಂದು ರಬ್ಬರ್ ಚೆಂಡು ಕೊಟ್ಟಿದ್ರೆ ಹಿಸುಕ್ಕೊಂಡು ಕೂತಿರ್ತಿದ್ದೆ. ದಿನಾ ಭೇಷ್ ಭೇಷ್ ಅಂತಿದ್ಯಲ್ಲ, ಅದನ್ನ ಹೇಗೆ ನುಂಗ್ಲಿ?"

"ಮೇಸ್ತ್ರಿ, ಕೀಲಿ ಕೊಡಿ. ಬಾಡಿಗೆ ಕಾಯ್ತಿದೆ," ಎಂದ ಡ್ರೈವರ್.

"ಕೊಡಲ್ಲ. ನಾನು ಗ್ಯಾಪ್ ಇಟ್ಟ ಪ್ಲಗ್ ಹಾಕ್ಕೊಂಡೇ ಈ ಗಾಡಿ ಇಲ್ಲಿಂದ ಹೊರಡೋದು." ಮೇಸ್ತ್ರಿ ಮಗಳ ಕಡೆ ತಿರುಗಿದ. "ಅದರಲ್ಲಿರೋದನ್ನ ಬಿಚ್ಚು. ಇವನ್ನೇ ಈಗ ತೆರೆದು ಕೊಡ್ತೀನಿ, ಅಳೆದು ನೋಡು. ಸರಿಯಿದ್ರೆ ಹಾಕು, ತಪ್ಪಿದ್ರೆ ಮುಖಕ್ಕೆ ಎಸಿ. ನೋಡದೇ ಜೇಬಿಗೆ ಮಾತ್ರ ಇಳಿಸ್ಬೇಡ."

ಸ್ಟೂಲನ್ನು ಮೂಲೆಯಿಂದ ಎಳೆದುಕೊಂಡು ಬಂದು ಟ್ಯಾಕ್ಸಿಯ ಮುಂದೆಯೇ ಹಾಕಿ ಕುಳಿತ. ಕೈ ನಡುಗಿತು, ಗೇಜಿನ ಪಟ್ಟಿ ಕೊಕ್ಕೆಗೆ ತಾಗಿ ಕಟಕಟ ಎಂದಿತು. ಡ್ರೈವರ್ ನೋಡಲಾರದೆ ಬೀದಿಯ ಕಡೆ ಮುಖ ತಿರುಗಿಸಿದ. ಸಹಾಯಕ್ಕೆಂದು ಚಾಚಿದ ಮಗಳ ಕೈ, ಅಪ್ಪ ಗುರಾಯಿಸಿದ್ದಕ್ಕೆ ಹಿಂದೆ ಹೋಯಿತು. ಓಡಿಬಂದ ಎಂಜಿನ್ನಿನಷ್ಟೇ ಬಿಸಿಯಾಗಿತ್ತು ಅವನ ತಲೆ. ಆದರೂ ಬೆರಳು ಅವಸರಪಡಲಿಲ್ಲ. ಕೊನೆಗೂ ಒಂದು ಪ್ಲಗ್ಗು ಮುಗಿಯಿತು.

ಮಗಳು ತನ್ನ ಗೇಜು ತೆಗೆದಳು. ಈ ಸಲ ಬೆಳಕಿಗೆ ಹಿಡಿದು, ಪಟ್ಟಿ ತೂರಿಸಿ ನೋಡಿದಳು. "ಸರಿಯಿದೆ." ಎರಡನೆಯದೂ ಸರಿಯಿತ್ತು. ಮೂರನೆಯದರಲ್ಲಿ ಪಟ್ಟಿ ಅರ್ಧಕ್ಕೇ ಸಿಕ್ಕಿಕೊಂಡಿತು. ಅವಳು ತಲೆಯೆತ್ತಿದಳು. ಆ ಹಳೆಯ "ಭೇಷ್" ನಾಲಗೆಯ ತುದಿಯಲ್ಲೇ ಇತ್ತು. ಅಪ್ಪ ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದ.

"ಇದೇನಪ್ಪ ಇದು?" ಎಂದಳು ದನಿಯೇರಿಸಿ. "ಇಷ್ಟು ಬಿಗಿ ಇಟ್ರೆ ಎಂಜಿನ್ ಕೆಮ್ಮಲ್ವಾ? ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯ? ತಗೊ, ಇನ್ನೊಂದ್ಸಲ ಮಾಡು!" ಪ್ಲಗ್ಗು ಅವನ ಮಡಿಲಿಗೆ ಬಂದು ಬಿತ್ತು.

ಡ್ರೈವರ್ ತಡೆಯಲಾರದೆ ಹೇಳಿದ: "ಹುಷಾರಿಲ್ದೇ ಇರೋ ವಯಸ್ಸಾದವರಿಗೆ ಹೀಗೆಲ್ಲ ಬೈಬಾರ್ದಮ್ಮ, ಪಾಪ."

"ನೀನು ಮಧ್ಯೆ ಬಾಯಿ ಹಾಕ್ಬೇಡಯ್ಯ!" ಮೇಸ್ತ್ರಿ ಪ್ಲಗ್ಗನ್ನು ಮಂಡಿಗಳ ನಡುವೆ ಇರುಕಿಕೊಂಡು ಗೇಜು ಎತ್ತಿದ. ಲಕ್ವದಿಂದ ಸೊಟ್ಟಗಾಗಿದ್ದ ಬಾಯಿ ಅರಳಿತ್ತು. "ಕಾಯಿಲೆ ಬಿದ್ದಾಗಿಂದ ಇವಳು ನನ್ನನ್ನ ಬೈದಿರೋದು ಇವತ್ತೇ ಮೊದಲು."