ಕಂಬದ ತುದಿಯ ಸಿಗ್ನಲ್

ನಡುಗಡಲಿನಿಂದ ತನ್ನ ಹೊಸ ಹಾಯಿದೋಣಿಯನ್ನು ಹೆಂಡತಿಗೆ ವಿಡಿಯೊ ಕಾಲಿನಲ್ಲಿ ತೋರಿಸಲು ಅವನಿಗೆ ಎಲ್ಲಿಲ್ಲದ ಹುರುಪು. ನೆಟ್‌ವರ್ಕ್ ಮಾತ್ರ ಕೈಕೊಡುತ್ತಲೇ ಇತ್ತು.

“ಲೈಫ್ ಜಾಕೆಟ್ ಹಾಕಿದ್ದೀರಲ್ಲ?”

“ಹಾಕದೆ ಮತ್ತೆ? ಬೆಲ್ಟು ಬಿಗಿದು ಉಸಿರು ಕಟ್ತಾ ಉಂಟು!”

“ಮಾತು ಮಾತ್ರ ಕೇಳ್ತದೆ, ಎಂತದೂ ಕಾಣುದಿಲ್ಲ ಮಾರಾಯ್ರೆ.”

“ನಿಲ್ಲು, ಎತ್ತರದಲ್ಲಿ ಸಿಗ್ನಲ್ ಚೆಂದ ಸಿಗ್ತದೆ.”

ವೈರ್‌ಲೆಸ್ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಮೊಬೈಲನ್ನು ಹಾಯಿಯ ಹಗ್ಗಕ್ಕೆ ಕಟ್ಟಿ, ಕ್ಯಾಮೆರಾ ಕೆಳಮುಖವಾಗಿರುವಂತೆ ಕಂಬದ ತುದಿಗೇರಿಸಿದ. ಮತ್ತೆ ತನ್ನ ಜಾಗಕ್ಕೆ ಬಂದು ಆರಾಮಾಗಿ ಕೂತ.

“ಈಗ?”

“ಅಬ್ಬಾ, ಕನ್ನಡಿಯ ಹಾಗೆ ಕಾಣ್ತದೆ! ದೋಣಿ, ಹಾಯಿ, ನಿಮ್ಮ ಬೋಳುತಲೆ...”

“ಹೇಗೆ ನನ್ನ ಐಡಿಯಾ?”

“ಐಡಿಯಾ ಲಾಯ್ಕುಂಟು. ನೀವು ಕೂತ ಆ ಕೆಂಪು ದಿಂಬಿಗೆ ಬೆಲ್ಟು ಎಂತಕ್ಕೆ?”